ಬೋರ್ಡು ಸುಟ್ಟಿತೆಂದರೆ ಸುಟ್ಟದ್ದೇನು?

ಮನೆಯ ಯಂತ್ರವೊಂದು ನಿಂತುಹೋದಾಗ ಈಗ ನಮ್ಮ ಕಿವಿಗೆ ಬೀಳುವ ಮಾತು ಒಂದೇ: "ಬೋರ್ಡು ಹೋಗಿದೆ." ಬಟ್ಟೆ ಒಗೆಯುವ ಯಂತ್ರವಾಗಲಿ, ನೀರು ಶುದ್ಧಿಮಾಡುವ ಪೆಟ್ಟಿಗೆಯಾಗಲಿ, ಫ್ರಿಜ್ಜಾಗಲಿ, ರೋಗಗಳು ಬೇರೆ ಬೇರೆಯಾದರೂ ಅವಕ್ಕೆಲ್ಲ ಇಟ್ಟ ಹೆಸರು ಅದೊಂದೇ; ಔಷಧವೂ ಒಂದೇ. ಹಳೆಯ ಬೋರ್ಡನ್ನು ಕಿತ್ತು ಹೊಸದನ್ನು ಕೂಡಿಸುವುದು. ವೈದ್ಯರ ಬಳಿಗೆ ಹೋದವನಿಗೆ "ನಿನಗೆ ಮೈ ಸರಿಯಿಲ್ಲ, ಬೇರೆ ಮೈ ತೆಗೆದುಕೋ" ಎಂದರೆ ಯಾರೂ ಒಪ್ಪುವುದಿಲ್ಲ. ಬೋರ್ಡಿನ ವಿಷಯದಲ್ಲಿ ಮಾತ್ರ ನಾವು ಮರುಮಾತಾಡದೆ ಹಣ ಎಣಿಸುತ್ತೇವೆ. ಅಂಗೈಯಗಲದ ಆ ಹಸಿರು ಹಲಗೆಯಲ್ಲಿ ಒಂದು ನೂರಕ್ಕೂ ಮಿಕ್ಕಿದ ಬಿಡಿ ವಸ್ತುಗಳಿರುವುದುಂಟು. ಅವುಗಳಲ್ಲಿ ಕೆಟ್ಟದ್ದು ಯಾವುದು, ಏಕೆ ಕೆಟ್ಟಿತು ಎಂದು ಕೇಳುವ ರೂಢಿಯೇ ನಮಗೆ ತಪ್ಪಿಹೋಗಿದೆ.

ಒಂದು ಕಾಲಕ್ಕೆ ಹೀಗಿರಲಿಲ್ಲ. ರೇಡಿಯೋ ಪೆಟ್ಟಿಗೆಯ ಬೆನ್ನು ತೆಗೆದರೆ ಒಳಗೆ ಕೆಂಪಗೆ ಕಾಯುವ ವಾಲ್ವುಗಳೂ, ಒಂದಕ್ಕೊಂದು ಕೈಯಿಂದ ಬೆಸೆದ ತಂತಿಗಳ ಸಿಕ್ಕೂ ಕಾಣುತ್ತಿದ್ದವು. ೧೯೩೫ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದಾಗ ಅದನ್ನು ಆಲಿಸಿದ ಪೆಟ್ಟಿಗೆಗಳೆಲ್ಲ ಇಂಥವೇ. ಅದರ ಮರುವರ್ಷದ ಸುಮಾರಿಗೆ ಪಾಲ್ ಐಸ್ಲರ್ ಎಂಬ ಇಂಜಿನಿಯರರು ವಿಯೆನ್ನಾ ನಗರವನ್ನು ಬಿಟ್ಟು ಲಂಡನ್ನಿಗೆ ಬಂದರು. ಅಚ್ಚಿನ ಕೆಲಸದ ಪರಿಚಯವಿದ್ದವರಾದುದರಿಂದ ಅವರಿಗೊಂದು ಯೋಚನೆ ಹೊಳೆಯಿತು: ತಂತಿಗಳನ್ನು ಒಂದೊಂದಾಗಿ ಬೆಸೆಯುವ ಬದಲು ತಾಮ್ರದ ತೆಳು ಹಾಳೆಯ ಮೇಲೆ ಗೆರೆಗಳನ್ನು ಅಚ್ಚೊತ್ತಿ, ಬೇಡದ ತಾಮ್ರವನ್ನು ರಾಸಾಯನಿಕದಿಂದ ಕರಗಿಸಿಬಿಟ್ಟರೆ ಹೇಗೆ? ಎರಡನೆಯ ಮಹಾಯುದ್ಧದಲ್ಲಿ ಅಮೆರಿಕನರು ಫಿರಂಗಿ ಗುಂಡುಗಳ ಮೂತಿಯಲ್ಲಿಡುವ ಸೂಕ್ಷ್ಮ ಉಪಕರಣಕ್ಕೆ ಇಂಥ ಅಚ್ಚಿನ ಮಂಡಲಗಳನ್ನು ಬಳಸಿದರು. ೧೯೫೦ರ ದಶಕದಲ್ಲಿ ಅವು ಮನೆಯ ರೇಡಿಯೋಗಳಿಗೂ ಬಂದವು. ಇಂದಿನ ಹಲಗೆ ಗಾಜಿನ ನೂಲು ಮತ್ತು ರಾಳದಿಂದಾದದ್ದು. ಅದರ ಹಸಿರು, ತಾಮ್ರದ ಗೆರೆಗಳಿಗೆ ಬಳಿದ ರಕ್ಷಣೆಯ ಬಣ್ಣ ಮಾತ್ರ. ಬಣ್ಣದ ಕೆಳಗೆ ಕಣ್ಣಿಟ್ಟು ನೋಡಿದರೆ ಗೆರೆಗಳು ಊರಿನ ಓಣಿಗಳಂತೆ ಕಾಣುತ್ತವೆ. ಓಣಿ ಗೊತ್ತಿದ್ದವನಿಗೆ ಮನೆ ಹುಡುಕುವುದು ಕಷ್ಟವಲ್ಲ.

ಶೇಂದ್ರಾ ನಮ್ಮ ಓದುಗರಲ್ಲಿ ಹಲವರಿಗೆ ಅನ್ನದ ಊರು. ಛತ್ರಪತಿ ಸಂಭಾಜಿನಗರದ ಪೂರ್ವಕ್ಕೆ ಜಾಲನಾ ರಸ್ತೆಯಲ್ಲಿರುವ ಈ ಔದ್ಯೋಗಿಕ ವಸಾಹತಿನಲ್ಲಿ ೨೦೦೧ರಲ್ಲಿ ಸ್ಕೋಡಾ ಮೋಟಾರು ಕಾರಖಾನೆ ಆರಂಭವಾಯಿತು. ಮುಂದೆ ದೆಹಲಿ-ಮುಂಬಯಿ ಔದ್ಯೋಗಿಕ ಕಾರಿಡಾರಿನ ಅಂಗವಾಗಿ ಶೇಂದ್ರಾ-ಬಿಡಕೀನಗಳಲ್ಲಿ 'ಆರಿಕ್' ಎಂಬ ಹೊಸ ನಗರಿ ಎದ್ದು, ೨೦೧೯ರ ಸೆಪ್ಟೆಂಬರಿನಲ್ಲಿ ಅದರ ಭವನವೂ ಉದ್ಘಾಟನೆಯಾಯಿತು. ಬೀದರ, ಕಲಬುರ್ಗಿಯ ಕಡೆಯವರು ಇತ್ತ ಬರುವುದೇನೂ ಹೊಸತಲ್ಲ. ೧೯೫೬ರವರೆಗೆ ಆ ಜಿಲ್ಲೆಗಳೂ ಈ ಜಿಲ್ಲೆಯೂ ಒಂದೇ ಹೈದರಾಬಾದು ರಾಜ್ಯದಲ್ಲಿದ್ದವು. ಅದಕ್ಕೂ ಹಿಂದಿನದನ್ನು ಹೇಳಬೇಕಾದರೆ, ಇಲ್ಲಿಗೆ ಹತ್ತಿರದ ಎಲ್ಲೋರದಲ್ಲಿ ಕೈಲಾಸ ದೇವಾಲಯವನ್ನು ಕಡೆಯಿಸಿದ ರಾಷ್ಟ್ರಕೂಟರ ಕೃಷ್ಣನಿದ್ದಾನೆ. ಇರಲಿ, ನಮಗೆ ಈಗ ಬೇಕಾದದ್ದು ಫ್ರಿಜ್ಜಿನ ಸಂಗತಿ.

ಭಾಲ್ಕಿಯ ಕಡೆಯ ಒಂದು ಕುಟುಂಬ ಇಲ್ಲಿ ಬಾಡಿಗೆಯ ಫ್ಲಾಟಿನಲ್ಲಿದೆ. ಯಜಮಾನನಿಗೆ ಕಾರಖಾನೆಯೊಂದರಲ್ಲಿ ಗುತ್ತಿಗೆಯ ಕೆಲಸ. ಮನೆಯಲ್ಲಿ ಹೆಂಡತಿ, ಏಳನೆಯ ಇಯತ್ತೆಯ ಮಗ, ಸಕ್ಕರೆ ಕಾಯಿಲೆಯ ಮುದಿತಾಯಿ. ಆಕೆಗೆ ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಸೂಜಿ. ಬೇಸಗೆಯ ಒಂದು ರಾತ್ರಿ ಅವರ ಇನ್ವರ್ಟರ್ ಫ್ರಿಜ್ಜು 'ಫಟ್' ಎಂದು ಸದ್ದು ಮಾಡಿ ನಿಂತುಹೋಯಿತು. ಕಂಪನಿಯ ಕಡೆಯಿಂದ ಬಂದವನು ಹಿಂಬದಿಯನ್ನು ತೆರೆದು ಮೂಸಿ ನೋಡಿ, ಬೋರ್ಡು ಸುಟ್ಟಿದೆ, ಹೊಸದಕ್ಕೆ ಆರೂವರೆ ಸಾವಿರ, ಬರಲು ಎಂಟು ದಿನ ಎಂದು ಚೀಟಿ ಬರೆದುಕೊಟ್ಟು ಹೋದನು. ಮೇ ತಿಂಗಳು, ಹೊರಗೆ ನಾಲ್ವತ್ತು ಡಿಗ್ರಿಗೆ ಮಿಕ್ಕಿದ ಬಿಸಿಲು. ಜೂನಿನಲ್ಲಿ ಶಾಲೆಯ ಫೀಜು.

ಇನ್ಸುಲಿನ್ ಬಳಸುವ ಮನೆಯವರು ಇಲ್ಲೊಂದು ಮಾತು ತಿಳಿದಿರುವುದೊಳ್ಳೆಯದು. ತೆರೆಯದ ಶೀಶೆಯನ್ನು ೨ರಿಂದ ೮ ಡಿಗ್ರಿ ತಂಪಿನಲ್ಲಿಡಬೇಕು. ಬಳಕೆಯಲ್ಲಿರುವ ಶೀಶೆಯನ್ನು ೨೫ರಿಂದ ೩೦ ಡಿಗ್ರಿಯೊಳಗೆ ಸಾಮಾನ್ಯವಾಗಿ ನಾಲ್ಕು ವಾರ ಇಡಬಹುದು. ನಿಖರವಾದ ಲೆಕ್ಕ ಔಷಧದೊಡನೆ ಬರುವ ಚೀಟಿಯಲ್ಲಿರುತ್ತದೆ. ಹೆಪ್ಪುಗಟ್ಟಿದ್ದನ್ನು ಮಾತ್ರ ಎಂದೂ ಬಳಸಬಾರದು. ಆ ಮನೆಯವರು ಬಳಕೆಯ ಶೀಶೆಯನ್ನು, ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ ಇಟ್ಟು ನಡುವೆ ಒದ್ದೆ ಮರಳು ತುಂಬಿ, ಅದರಲ್ಲಿಟ್ಟರು. ನೀರು ಆರುವಾಗ ಒಳಗಿನ ಶಾಖವನ್ನು ಎಳೆದುಕೊಳ್ಳುವುದರಿಂದ ಒಣ ಹವೆಯಲ್ಲಿ ಇದು ಹೊರಗಿಗಿಂತ ಎಷ್ಟೋ ತಂಪು; ಆದರೆ ಫ್ರಿಜ್ಜಿನ ತಂಪು ಬರುವುದಿಲ್ಲ. ಉಳಿದ ತಿಂಗಳ ಔಷಧವನ್ನು ಮೇಲಿನ ಅಂತಸ್ತಿನ ಮರಾಠಿ ನೆರೆಯವರ ಫ್ರಿಜ್ಜಿನಲ್ಲಿಟ್ಟರು. ಅವರು ಸಂತೋಷದಿಂದಲೇ ಇಟ್ಟುಕೊಂಡರು. ಆದರೂ ಕನ್ನಡ ಬಿಟ್ಟು ಬೇರೆ ಬಾರದ ಮುದುಕಿಗೆ, ತನ್ನ ಸಲುವಾಗಿ ಸೊಸೆ ಕಂಡವರ ಬಾಗಿಲಿಗೆ ಎಡತಾಕುವುದು ಹಿಡಿಸಲಿಲ್ಲ. ಮೂರನೆಯ ದಿನ ಆಕೆ ತನ್ನ ಸೀರೆಗಳನ್ನು ಮಡಚಿ ಗಂಟುಕಟ್ಟಿ ಕೂತಳು. "ನನ್ನ ಸಲವಾಗಿ ಯಾಕ ಸಾಲ ಮಾಡ್ತಿ? ನನಗ ಊರಿಗಿ ಬಸ್ಸಿಗಿ ಹತ್ತಿಸಿಬಿಡು," ಎಂದು ಮಗನಿಗೆ ಹೇಳಿದಳಂತೆ. ಊರಿನಲ್ಲಿ ಆಕೆಯನ್ನು ನೋಡಿಕೊಳ್ಳುವವರು ಯಾರೂ ಇಲ್ಲ.

ಇಷ್ಟಾದ ಮೇಲೆ ಬೋರ್ಡು ಬಂದದ್ದು ಆಳಂದದ ಕಡೆಯ ಒಬ್ಬ ಹುಡುಗನ ಕೈಗೆ. ಹಗಲು ಕಾರಖಾನೆಯಲ್ಲಿ ಯಂತ್ರಗಳ ದುರಸ್ತಿ, ಸಂಜೆ ತನ್ನ ಕೋಣೆಯಲ್ಲಿ ಇಂಥ ಕೆಲಸ. ನಾನು ಜೊತೆಗೆ ಹೋಗಿ ಪಕ್ಕದ ಸ್ಟೂಲಿನ ಮೇಲೆ ಕುಳಿತು ಎಲ್ಲವನ್ನೂ ನೋಡಿದೆ. ಅವನು ಬೋರ್ಡನ್ನು ಮುಟ್ಟುವುದಕ್ಕೆ ಮೊದಲು ಆ ಗೃಹಿಣಿಯನ್ನು ಪ್ರಶ್ನಿಸತೊಡಗಿದ್ದು ನನಗೆ ತುಂಬ ಹಿಡಿಸಿತು.

"ಅಕ್ಕಾರ, ಇದು ಸುಡೋಕ್ಕಿಂತ ಮೊದಲ ಏನರ ತ್ರಾಸ ಕೊಟ್ಟಿತ್ತೇನ್ರಿ?"

"ತಿಂಗಳಾತು ನೋಡಪ್ಪಾ, ಲೈಟ್ ಹೋಗಿ ಬಂದ್ರ ತಟ್ಟನ ಚಾಲೂ ಆಗ್ತಿದ್ದಿಲ್ಲ. ಎರಡ ಮೂರ ಸಲ ಬಟನ್ ಹಾಕಿ ತಗದ್ರ ಆಗ್ತಿತ್ತು. ಒಮ್ಮಿ ಚಾಲೂ ಆತಂದ್ರ ಮತ್ತೇನೂ ತಕರಾರಿಲ್ಲ."

"ಮತ್ತ ಆ ರಾತ್ರಿ?"

"ಫ್ಯಾನ್ ಭರ್ರಂತ ಜೋರ ತಿರಗ್ತು. ಬಲ್ಬ್ ಕಣ್ಣ ಕುಕ್ಕೂವಂಗ ಬೆಳಗ್ತು. ಆಮ್ಯಾಲ ಫಟ್ ಅಂತು."

ಅವನು ತಲೆದೂಗಿ ಈ ಎರಡು ಮಾತುಗಳನ್ನೂ ಒಂದು ಚೀಟಿಯಲ್ಲಿ ಗುರುತುಹಾಕಿಕೊಂಡನು. ಅರ್ಧ ರೋಗ ಅಲ್ಲಿಯೇ ತಿಳಿದುಹೋಗಿತ್ತು ಎಂಬುದು ನನಗೆ ಗೊತ್ತಾದದ್ದು ತುಸು ತಡವಾಗಿ.

ಬೋರ್ಡಿನ ಒಂದು ಮೂಲೆಯಲ್ಲಿ ಹೆಬ್ಬೆರಳಿಗಿಂತ ದಪ್ಪನೆಯ ಕಪ್ಪು ಡಬ್ಬಿಯೊಂದಿರುತ್ತದೆ, ಕೆಪ್ಯಾಸಿಟರ್ ಎನ್ನುತ್ತಾರೆ. ನಮ್ಮ ಗೋಡೆಯಲ್ಲಿ ಬರುವುದು ೨೩೦ ವೋಲ್ಟಿನ ಹೊಯ್ದಾಡುವ ವಿದ್ಯುತ್ತು. ಅದನ್ನು ನೇರಮಾಡಿದಾಗ ಅದರ ಶಿಖರ ಸುಮಾರು ೩೨೫ ವೋಲ್ಟು. ಅಷ್ಟನ್ನೂ ಈ ಡಬ್ಬಿ ಹಿಡಿದಿಡುತ್ತದೆ. ಪ್ಲಗ್ಗು ಕಿತ್ತ ಮೇಲೂ ಕೆಲಹೊತ್ತು ಹಿಡಿದಿಟ್ಟಿರಬಹುದು. ಮೂರು ದಿನ ಮೂಲೆಯಲ್ಲಿ ಬಿದ್ದಿದ್ದ ಬೋರ್ಡಾದರೂ ಆ ಹುಡುಗ ಮೊದಲು ಮೀಟರು ಹಿಡಿದು ಅಳೆದು, ಸೊನ್ನೆಯೆಂದು ಕಂಡ ಮೇಲೆಯೇ ಕೈಯಿಟ್ಟನು. ಈ ಲೇಖನವನ್ನು ಓದಿ ಯಾರೂ ಮನೆಯ ಫ್ರಿಜ್ಜಿನ ಬೆನ್ನು ಬಿಚ್ಚಲು ಹೊರಡಬಾರದು. ಕೆಲಸ ಬಲ್ಲವರೊಡನೆ ಮಾತಾಡುವಷ್ಟು ತಿಳಿದರೆ ನಮಗೆ ಸಾಕು.

ಮೊದಲನೆಯ ಪರೀಕ್ಷೆ ಕಣ್ಣು ಮೂಗುಗಳದು. ವಿದ್ಯುತ್ತು ಒಳಗೆ ಬರುವ ಬಾಗಿಲಲ್ಲೇ ಗಾಜಿನ ಫ್ಯೂಸಿತ್ತು. ಫ್ಯೂಸಿನ ಒಳಗಿನ ತಂತಿ ನಡುವೆ ಸುಮ್ಮನೆ ತುಂಡಾಗಿದ್ದರೆ ಭಾರ ಸ್ವಲ್ಪ ಹೆಚ್ಚಾಯಿತೆಂದು ಅರ್ಥ. ಗಾಜಿನ ಒಳಮೈಯೇ ಕಪ್ಪಿಟ್ಟು ಹೊಳೆಯುತ್ತಿದ್ದರೆ ಮುಂದೆ ಎಲ್ಲೋ ಗಟ್ಟಿಯಾದ ಶಾರ್ಟು ಆಗಿದೆಯೆಂದು ಅರ್ಥ. ಇದು ಕಪ್ಪಾಗಿತ್ತು. ಪಕ್ಕದಲ್ಲಿ ನಾಲ್ಕಾಣೆಯಗಲದ ನೀಲಿ ಬಿಲ್ಲೆಯೊಂದು ಸೀಳಿ ಮಸಿಯಾಗಿತ್ತು. ಬೋರ್ಡಿನ ತುಂಬ ಹಬ್ಬಿದ್ದ ಮಸಿ, ನಾಯಿಸುಟ್ಟಂಥ ಆ ನಾತ, ಎಲ್ಲವೂ ಇದರದೇ.

ಈ ಬಿಲ್ಲೆಗೆ ವೇರಿಸ್ಟರ್ ಎಂದು ಹೆಸರು. ಅದರ ಮೈಮೇಲೆ ೪೭೧ ಎಂದು ಬರೆದಿರುತ್ತದೆ. ಅದನ್ನು ನಾನೂರ ಎಪ್ಪತ್ತೊಂದು ಎಂದು ಓದುವುದಲ್ಲ. ೪೭ರ ಮುಂದೆ ಒಂದು ಸೊನ್ನೆ, ಅಂದರೆ ೪೭೦ ವೋಲ್ಟು. ಎಲ್ಲಿಯವರೆಗೆ ವೋಲ್ಟೇಜು ಹದದಲ್ಲಿರುವುದೋ ಅಲ್ಲಿಯವರೆಗೆ ಇದು ಏನೂ ಮಾಡದೆ ಬಾಗಿಲಲ್ಲಿ ಕುಳಿತ ತಳವಾರನಂತೆ ಇರುತ್ತದೆ. ಮಿತಿ ಮೀರಿ ನುಗ್ಗಿತೆಂದರೆ ತಾನೇ ಅಡ್ಡಬಿದ್ದು ಅದನ್ನು ತನ್ನ ಮೈಯೊಳಗಿಂದ ಹಾಯಿಸಿಕೊಂಡು, ಫ್ಯೂಸು ಹಾರುವಂತೆ ಮಾಡಿ, ಒಳಗಿನವರನ್ನು ಉಳಿಸುತ್ತದೆ. ಆ ರಾತ್ರಿ ಕೇಳಿದ 'ಫಟ್' ಅದರದು. "ಬೋರ್ಡು ಸುಟ್ಟಿದೆ" ಎಂದು ಚೀಟಿಯಲ್ಲಿ ಬರೆದದ್ದು, ನಿಜವಾಗಿ ನೋಡಿದರೆ, ಬೋರ್ಡನ್ನು ಉಳಿಸಿ ಸತ್ತ ವಸ್ತುವನ್ನು ಕುರಿತು.

ಫ್ಯೂಸು ಬದಲಿಸಿ ಗುಂಡಿ ಒತ್ತುವುದು ಅರೆಬಲ್ಲವರ ಕೆಲಸ. ಹುಡುಗ ಹಾಗೆ ಮಾಡಲಿಲ್ಲ. ಸುಟ್ಟ ಬಿಲ್ಲೆಯನ್ನು ತೆಗೆದು, ಮಸಿಯನ್ನು ಆಲ್ಕೊಹಾಲು ಮತ್ತು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆದನು. ಬಳಿಕ ಮೀಟರಿನ ಎರಡು ಕಡ್ಡಿಗಳನ್ನಿಟ್ಟು ಒಂದೊಂದೇ ಮನೆಯ ಬಾಗಿಲು ತಟ್ಟುತ್ತ ಹೋದನು. ವಿದ್ಯುತ್ತನ್ನು ನೇರಮಾಡುವ ನಾಲ್ಕು ಡಯೋಡುಗಳು ಒಂದು ದಿಕ್ಕಿಗೆ ಅರ್ಧ ವೋಲ್ಟು ತೋರಿಸಿ ಇನ್ನೊಂದು ದಿಕ್ಕಿಗೆ ಮುಚ್ಚಿಕೊಂಡಿದ್ದವು, ಆರೋಗ್ಯ. ಕಂಪ್ರೆಸರನ್ನು ತಿರುಗಿಸುವ ದೊಡ್ಡ ಚಿಪ್ಪಿನಲ್ಲಿಯೂ ಶಾರ್ಟಿರಲಿಲ್ಲ. ಅವನು ಉಸಿರುಬಿಟ್ಟದ್ದು ಇಲ್ಲಿ. ಆ ಚಿಪ್ಪು ಹೋಗಿದ್ದರೆ ದುರಸ್ತಿಯ ಖರ್ಚು ಹೊಸ ಬೋರ್ಡಿನ ಸಮೀಪಕ್ಕೆ ಬರುತ್ತಿತ್ತು. ಮೊದಲೇ ಮನೆಯಲ್ಲಿ ಕಂಪ್ರೆಸರಿನ ಮೂರು ತುದಿಗಳ ನಡುವಣ ರೋಧವನ್ನು ಅಳೆದು ಬಂದಿದ್ದನು. ಮೂರೂ ಜೋಡಿ ಒಂದೇ ಸಮ. ಮೈಗೆ ಸೋರಿಕೆ ಇಲ್ಲ. ಮೋಟಾರೇ ಕೆಟ್ಟಿರುವಾಗ ಬೋರ್ಡಿಗೆ ಔಷಧ ಹಚ್ಚುವುದು ವ್ಯರ್ಥವಷ್ಟೆ.

ಹೊಸ ಬಿಲ್ಲೆ, ಹೊಸ ಫ್ಯೂಸು ಹಾಕಿದ ಮೇಲೂ ನೇರವಾಗಿ ಗೋಡೆಗೆ ಚುಚ್ಚಲಿಲ್ಲ. ನಡುವೆ ಹಳೆಯ ಕಾಲದ ೬೦ ವ್ಯಾಟಿನ ತಂತಿಬಲ್ಬನ್ನು ಸಾಲಾಗಿ ಸೇರಿಸಿದನು. ಬೋರ್ಡಿನಲ್ಲಿ ಇನ್ನೂ ಶಾರ್ಟಿದ್ದರೆ ಬಲ್ಬು ಪೂರ್ತಿ ಹೊತ್ತಿಕೊಳ್ಳುತ್ತದೆ, ಬೋರ್ಡು ಸುಡುವುದಿಲ್ಲ. ಸರಿಯಿದ್ದರೆ ದೊಡ್ಡ ಡಬ್ಬಿ ತುಂಬುವಷ್ಟು ಹೊತ್ತು ಮಿಂಚಿ ಆರುತ್ತದೆ. ಎಲ್.ಇ.ಡಿ. ಬಲ್ಬಿನಿಂದ ಈ ಕೆಲಸವಾಗದು. ಆದುದರಿಂದಲೇ ದುರಸ್ತಿಯವರು ಹಳೆಯ ಬಲ್ಬುಗಳನ್ನು ಬಂಗಾರದಂತೆ ಕಾಯ್ದಿಟ್ಟಿರುತ್ತಾರೆ.

ಬಲ್ಬು ಮಿಂಚಿ ಆರಿತು. ಆದರೆ ಬೋರ್ಡಿಗೆ ಜೀವ ಬರಲಿಲ್ಲ.

ಒಳಗೆ 'ಟಿಕ್, ಟಿಕ್' ಎಂಬ ಸಣ್ಣ ಸದ್ದು. ೧೨ ವೋಲ್ಟು ಬರಬೇಕಾದಲ್ಲಿ ಮೀಟರು ಎರಡಕ್ಕೆ ಏರಿ ಸೊನ್ನೆಗೆ ಇಳಿಯುತ್ತಿತ್ತು. ಇಂಥ ಹೊತ್ತಿನಲ್ಲಿಯೇ ಅನೇಕರು "ಇದಾಗುವುದಿಲ್ಲ" ಎಂದು ಕೈಬಿಡುತ್ತಾರೆ. ಹುಡುಗ ಚೀಟಿಯಲ್ಲಿ ಬರೆದದ್ದನ್ನು ನೋಡಿದನು. ಲೈಟು ಹೋಗಿ ಬಂದರೆ ಶುರುವಾಗದು; ಶುರುವಾದರೆ ನಿಲ್ಲದು. ಆ ಗೃಹಿಣಿ ಹೇಳಿದ ಈ ಲಕ್ಷಣ ಬಲ್ಲವರಿಗೆ ಪುಸ್ತಕದ ಪುಟದಷ್ಟು ಸ್ಪಷ್ಟ. ೩೨೫ ವೋಲ್ಟನ್ನು ೧೨ಕ್ಕೂ ೫ಕ್ಕೂ ಇಳಿಸುವ ಸಣ್ಣ ಚಿಪ್ಪಿಗೆ, ಏಳುವಾಗ ಒಂದು ಗುಟುಕು ಶಕ್ತಿಯನ್ನು ಒದಗಿಸುವ ಪುಟ್ಟ ಕೆಪ್ಯಾಸಿಟರ್ ಪಕ್ಕದಲ್ಲೇ ಇರುತ್ತದೆ. ಒಮ್ಮೆ ಓಡತೊಡಗಿದರೆ ಚಿಪ್ಪು ತನ್ನ ಊಟವನ್ನು ತಾನೇ ಸಂಪಾದಿಸಿಕೊಳ್ಳುತ್ತದೆ. ಏಳುವುದಕ್ಕೆ ಮಾತ್ರ ಆ ಗುಟುಕು ಬೇಕು. ಕೆಪ್ಯಾಸಿಟರನ್ನು ತೆಗೆದು ಅಳೆದಾಗ ೪೭ ಮೈಕ್ರೊಫ್ಯಾರಡ್ ಎಂದು ಬರೆದಿದ್ದ ಅದರಲ್ಲಿ ಉಳಿದದ್ದು ಆರು. ಹೊರಗಿನಿಂದ ನೋಡಿದರೆ ಉಬ್ಬಿರಲಿಲ್ಲ, ಸೋರಿರಲಿಲ್ಲ, ಹೊಸದರಂತೆಯೇ ಇತ್ತು.

ಇವುಗಳ ಒಳಗೆ ಒಂದು ಬಗೆಯ ದ್ರವದಲ್ಲಿ ನೆನೆದ ಕಾಗದದ ಸುರುಳಿಯಿರುತ್ತದೆ. ಕಾವಿಗೆ ದ್ರವ ಮೆಲ್ಲಮೆಲ್ಲನೆ ಆರುತ್ತದೆ. ೧೦ ಡಿಗ್ರಿ ಕಾವು ಏರಿದರೆ ಆಯುಸ್ಸು ಅರ್ಧವಾಗುತ್ತದೆಂದು ಒಂದು ಸ್ಥೂಲವಾದ ಲೆಕ್ಕವುಂಟು. ೧೦೫ ಡಿಗ್ರಿಯಲ್ಲಿ ೨೦೦೦ ಗಂಟೆ ಬಾಳುವ ಡಬ್ಬಿ ೯೫ರಲ್ಲಿ ೪೦೦೦, ೮೫ರಲ್ಲಿ ೮೦೦೦, ೭೫ರಲ್ಲಿ ೧೬,೦೦೦, ೬೫ರಲ್ಲಿ ೩೨,೦೦೦ ಗಂಟೆ ಬಾಳಬೇಕು. ಹಗಲಿರುಳೂ ಓಡುವ ಯಂತ್ರದಲ್ಲಿ ಈ ೩೨,೦೦೦ ಗಂಟೆಯೆಂದರೆ ಮೂರೂವರೆ ವರ್ಷಕ್ಕೆ ತುಸು ಮೇಲೆ. ಈ ಫ್ರಿಜ್ಜಿಗೆ ಆರು ವರ್ಷ. ಗೋಡೆಗೆ ಒತ್ತಿ ನಿಲ್ಲಿಸಿದ್ದರಿಂದ ಹಿಂಬದಿಗೆ ಗಾಳಿಯೂ ಆಡುತ್ತಿರಲಿಲ್ಲ. ಫ್ರಿಜ್ಜಿನ ಬೆನ್ನಿಗೂ ಗೋಡೆಗೂ ನಡುವೆ ಒಂದು ಗೇಣು ಬಿಡುವುದಕ್ಕೆ ಕಾಸು ಖರ್ಚಿಲ್ಲ. ನಮ್ಮ ಮನೆಗಳಲ್ಲಿ ಎಷ್ಟು ಕಡೆ ಬಿಟ್ಟಿದ್ದೇವೆ?

ಬೆಸುಗೆಯ ಕುಶಲತೆಯನ್ನೂ ಹೇಳಬೇಕು. ಹಳೆಯ ತವರ-ಸೀಸದ ಬೆಸುಗೆ ೧೮೩ ಡಿಗ್ರಿಗೆ ಕರಗುತ್ತಿತ್ತು. ಸೀಸ ವಿಷವಾದ್ದರಿಂದ ಯುರೋಪಿನಲ್ಲಿ ೨೦೦೬ರ ಜುಲೈಯಿಂದ ಅದನ್ನು ನಿರ್ಬಂಧಿಸಿದರು. ಕ್ರಮೇಣ ಜಗತ್ತಿನ ಬಹುಭಾಗ ಆ ದಾರಿ ಹಿಡಿಯಿತು. ಸೀಸವಿಲ್ಲದ ಬೆಸುಗೆ ಕರಗಲು ಸುಮಾರು ೨೨೦ ಡಿಗ್ರಿ ಬೇಕು. ಅಷ್ಟು ಕಾವನ್ನು ಹೆಚ್ಚು ಹೊತ್ತು ಹಿಡಿದರೆ ತಾಮ್ರದ ಗೆರೆಯೇ ಹಲಗೆಯಿಂದ ಎದ್ದು ಬರುತ್ತದೆ. ಆದುದರಿಂದ ನುರಿತವರು ಹಳೆಯ ಬಿಂದುವಿಗೆ ಮೊದಲು ಸ್ವಲ್ಪ ಸೀಸದ ಬೆಸುಗೆಯನ್ನು ಬೆರೆಸಿ, ಕರಗುವ ಮಟ್ಟವನ್ನು ತಗ್ಗಿಸಿ, ಬಳಿಕ ಹೀರಿ ತೆಗೆಯುತ್ತಾರೆ. ಹಳೆಯ ಬೆಲ್ಲದ ಗಟ್ಟಿಯನ್ನು ಕರಗಿಸಲು ನಮ್ಮ ಹೆಂಗಸರು ನಾಲ್ಕು ಹನಿ ನೀರು ಚಿಮುಕಿಸುವಂತೆ.

ಹೊಸ ಕೆಪ್ಯಾಸಿಟರು ಕೂತಿತು. ಬಲ್ಬು ಮಿಂಚಿ ಆರಿತು. ಮೀಟರಿನಲ್ಲಿ ೧೨, ಪಕ್ಕದ ಬಿಂದುವಿನಲ್ಲಿ ೫. ಪುಟ್ಟ ಹಸಿರು ದೀಪ ಕಣ್ಣು ಬಿಟ್ಟಿತು. ಆ ತಾಯಿ ಕುರ್ಚಿಯಿಂದೆದ್ದು, "ಆತೇನಪ್ಪಾ? ಒಯ್ಯಲೇನು?" ಎಂದು ಕೈ ಚಾಚಿದಳು.

"ಇಲ್ರಿ ಅಕ್ಕಾರ. ಬೋರ್ಡು ಕೊಡೂದು ಆಮ್ಯಾಲ. ಮೊದಲ ನಿಮ್ಮ ಬಿಲ್ಡಿಂಗಿನ ಮೀಟರ್ ರೂಮು ನೋಡೂಣು."

ಚೀಟಿಯ ಎರಡನೆಯ ಮಾತು, ಫ್ಯಾನು ಭರ್ರೆಂದು ತಿರುಗಿದ್ದು, ಇನ್ನೂ ಬಾಕಿಯಿತ್ತು. ಕಟ್ಟಡಕ್ಕೆ ಮೂರು ಫೇಸುಗಳ ತಂತಿಗಳೂ ಎಲ್ಲಕ್ಕೂ ಸಾಮಾನ್ಯವಾದ ಒಂದು ನ್ಯೂಟ್ರಲ್ ತಂತಿಯೂ ಬರುತ್ತವೆ. ಒಂದು ಫೇಸಿಗೂ ನ್ಯೂಟ್ರಲಿಗೂ ನಡುವೆ ೨೩೦ ವೋಲ್ಟು. ಎರಡು ಫೇಸುಗಳ ನಡುವೆ ೪೦೦. ನ್ಯೂಟ್ರಲ್ ಸಡಿಲಾಯಿತೆಂದರೆ ಒಂದು ಫೇಸಿನ ಮನೆಯೂ ಇನ್ನೊಂದು ಫೇಸಿನ ಮನೆಯೂ ೪೦೦ ವೋಲ್ಟನ್ನು ತಮ್ಮೊಳಗೆ ಹಂಚಿಕೊಳ್ಳುವಂತಾಗುತ್ತದೆ. ಈ ಹಂಚಿಕೆಯಲ್ಲಿ ನ್ಯಾಯವಿಲ್ಲ. ಗೀಸರು ಹಾಕಿಕೊಂಡು ಹೆಚ್ಚು ಎಳೆಯುವ ಮನೆಗೆ ಸಿಗುವುದು ಕಡಮೆ, ಅಲ್ಲಿ ದೀಪ ಮಂಕಾಗುತ್ತದೆ. ಒಂದು ಫ್ಯಾನು, ಒಂದು ದೀಪ, ಒಂದು ಫ್ರಿಜ್ಜು ಇರುವ ಬಡವನ ಮನೆಗೆ ಮುನ್ನೂರು, ಮುನ್ನೂರೈವತ್ತು ವೋಲ್ಟು ನುಗ್ಗುತ್ತದೆ. ಒಂದು ಮನೆಯಲ್ಲಿ ದೀಪ ಉರಿದು ಬೆಳಗಿ, ಅದೇ ಹೊತ್ತಿಗೆ ನೆರೆಯಲ್ಲಿ ಮಂಕಾದರೆ, ಅದು ಮಿಂಚಿನ ಕಾರುಬಾರಲ್ಲ. ನ್ಯೂಟ್ರಲ್ ಬಿಟ್ಟುಹೋದ ಗುರುತು. ಕೂಡಲೆ ಮನೆಯ ಮುಖ್ಯ ಸ್ವಿಚ್ಚನ್ನು ಆರಿಸಬೇಕು.

ವಿಚಾರಿಸಿದಾಗ ಅದೇ ರಾತ್ರಿ ಕೆಳಗಿನ ಮನೆಯಲ್ಲಿ ಟಿ.ವಿ.ಯ ಪೆಟ್ಟಿಗೆ, ಎದುರಿನ ಮನೆಯಲ್ಲಿ ಮೊಬೈಲಿನ ಚಾರ್ಜರು ಸುಟ್ಟಿದ್ದು ತಿಳಿಯಿತು. ಎಲ್ಲರೂ ತಂತಮ್ಮ ವಸ್ತುವಿಗೇ ಶಾಪ ಹಾಕಿ ಸುಮ್ಮನಾಗಿದ್ದರು. ಪರವಾನಗಿಯ ಇಲೆಕ್ಟ್ರಿಶಿಯನ್ ಬಂದು ನೋಡಿದಾಗ ನ್ಯೂಟ್ರಲಿನ ಅಲ್ಯೂಮಿನಿಯಮ್ ತಂತಿಯ ತುದಿ ಕಾದು ಕರಗಿ ಬೋಲ್ಟಿನಲ್ಲಿ ಅಲುಗಾಡುತ್ತಿತ್ತು. ಅದನ್ನು ಕತ್ತರಿಸಿ ಹೊಸ ತುದಿ ಕೂಡಿಸಿ ಬಿಗಿದ ಮೇಲೆಯೇ ಬೋರ್ಡು ಮನೆಗೆ ಬಂತು. ಹಾಗಲ್ಲದೆ ಆರೂವರೆ ಸಾವಿರದ ಹೊಸ ಬೋರ್ಡನ್ನೇ ಹಾಕಿದ್ದರೂ ಅದರ ಗತಿ ಏನಾಗುತ್ತಿತ್ತೆಂದು ಓದುಗರೇ ಊಹಿಸಬಹುದು. ಬಿಲ್ಲೆ, ಫ್ಯೂಸು, ಕೆಪ್ಯಾಸಿಟರು ಮೂರೂ ಸೇರಿ ಐವತ್ತು ರೂಪಾಯಿ, ಕೈಗೆಲಸಕ್ಕೆ ಐನೂರು. ಮುದುಕಿಯ ಗಂಟು ಬಿಚ್ಚಿ ಸೀರೆಗಳು ಮರಳಿ ಕಪಾಟಿಗೆ ಹೋದವು.

ಕಂಪನಿಯವರೆಲ್ಲ ಮೋಸಗಾರರೆಂದು ನಾನು ಹೇಳುವುದಿಲ್ಲ. ದಿನಕ್ಕೆ ಹತ್ತು ಮನೆ ತಿರುಗಬೇಕಾದ ಹುಡುಗ ಪ್ರತಿಯೊಂದು ಮನೆಯಲ್ಲಿ ಎರಡು ತಾಸು ಬೆಸುಗೆ ಹಾಕುತ್ತ ಕೂರಲಾರನು. ದುರಸ್ತಿಯಾಗದ ಬೋರ್ಡುಗಳೂ ಉಂಟು. ಬಟ್ಟೆ ಒಗೆಯುವ ಯಂತ್ರಗಳಲ್ಲಿ ನೀರಿನ ಭಯಕ್ಕೆ ಬೋರ್ಡಿನ ಮೇಲೆಲ್ಲ ರಾಳ ಎರೆದಿರುತ್ತಾರೆ. ಅದನ್ನು ಕೆರೆದು ತೆಗೆಯುವುದೇ ಒಂದು ತಪಸ್ಸು. ಹಲಗೆಯೇ ಇದ್ದಲಾಗಿದ್ದರೆ ಆ ಇದ್ದಲಿನಲ್ಲಿಯೂ ವಿದ್ಯುತ್ತು ಹರಿಯುತ್ತದೆ, ಕೆರೆದು ಪೂರ್ತಿ ತೆಗೆಯದೆ ಗತ್ಯಂತರವಿಲ್ಲ. ಮುಖ್ಯ ಚಿಪ್ಪು ಹೋದರೆ ಅದರೊಳಗಿನ ಬರವಣಿಗೆ ಪೇಟೆಯಲ್ಲಿ ಸಿಗುವುದಿಲ್ಲ. ಇಂಥಲ್ಲಿ ಹೊಸದೇ ಸರಿ. ನನ್ನ ತಕರಾರು ಇಷ್ಟೇ: ಬೋರ್ಡಿನ ನಕ್ಷೆಯನ್ನು ಹೊರಗೆ ಕೊಡದೆ, ಐದು ರೂಪಾಯಿಯ ಬಿಡಿ ವಸ್ತುವಿಗೆ ಇಡೀ ಬೋರ್ಡನ್ನು ಮಾರುವುದು ಗ್ರಾಹಕನಿಗೆ ನ್ಯಾಯವಲ್ಲ. ೨೦೨೨ರ ಡಿಸೆಂಬರಿನಲ್ಲಿ ಭಾರತ ಸರಕಾರವು ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆದು, ದುರಸ್ತಿಯ ವಿವರಗಳನ್ನು ಅಲ್ಲಿ ಪ್ರಕಟಿಸುವಂತೆ ಕಂಪನಿಗಳನ್ನು ಕೇಳಿತು. ಕೇಳಿದ್ದಕ್ಕೂ ಕಡ್ಡಾಯಮಾಡಿದ್ದಕ್ಕೂ ಅಂತರ ಬಹಳ.

ಈ ವಿದ್ಯೆಯನ್ನು ಮಕ್ಕಳಿಗೆ ಕಲಿಸಬೇಕೆನ್ನುವವರಿಗೆ ಇಲ್ಲಿಯೇ ಅನುಕೂಲವಿದೆ. ೧೯೭೦ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸ್ವಿಟ್ಸರ್ಲೆಂಡಿನ ನೆರವಿನಿಂದ ಇಲೆಕ್ಟ್ರಾನಿಕ್ ವಿನ್ಯಾಸದ ಕೇಂದ್ರವೊಂದು ಹುಟ್ಟಿತು. ಅದೇ ಮಾದರಿಯಲ್ಲಿ ೧೯೮೦ರ ದಶಕದಲ್ಲಿ ಈ ನಗರದಲ್ಲಿಯೂ, ಮರಾಠವಾಡಾ ವಿಶ್ವವಿದ್ಯಾಲಯದ ಆವರಣದಲ್ಲಿ, ಒಂದು ಕೇಂದ್ರ ಬಂತು. ಅದಕ್ಕೀಗ ನೈಲಿಟ್ ಎಂದು ಹೆಸರು. ಐ.ಟಿ.ಐ.ಗಳಲ್ಲಿಯೂ ಇಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಎಂಬ ತರಬೇತಿಯುಂಟು. ಆಳಂದದ ಹುಡುಗ ಕಲಿತದ್ದು ಐ.ಟಿ.ಐ.ಯಲ್ಲಿ, ಉಳಿದದ್ದನ್ನು ಗುಜರಿಯ ಬೋರ್ಡುಗಳಿಂದ ಕಲಿತೆನೆನ್ನುತ್ತಾನೆ. ಗುಣವಾಗದ ಬೋರ್ಡುಗಳನ್ನು ಅವನು ಎಸೆಯುವುದಿಲ್ಲ. ಬೇಕಾದ ಭಾಗಗಳನ್ನು ಬಿಚ್ಚಿಕೊಂಡು, ಉಳಿದ ಹಲಗೆಯನ್ನು ಗೋಣಿಚೀಲದಲ್ಲಿ ಕೂಡಿಟ್ಟು ನೋಂದಾಯಿತ ಇ-ತ್ಯಾಜ್ಯದವರಿಗೆ ಕೊಡುತ್ತಾನೆ. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಹೊಸ ನಿಯಮಗಳ ಪ್ರಕಾರ ಹಳೆಯ ಯಂತ್ರಗಳ ವಿಲೇವಾರಿಯ ಹೊಣೆ ತಯಾರಕರದು. ಮನೆಯ ಕಸದೊಡನೆ ಅವನ್ನು ಸುಟ್ಟರೆ ಬರುವ ಹೊಗೆ ಮಕ್ಕಳ ಎದೆಗೆ ಕೆಟ್ಟದ್ದು. ಅಂಗಳದಲ್ಲಿ ತಂತಿ ಸುಟ್ಟು ತಾಮ್ರ ತೆಗೆಯುವ ಹುಡುಗರು ಕಂಡರೆ ಗದರಿಸಿಯಾದರೂ ತಡೆಯಿರಿ.